ಪ್ರಾರ್ಥನೆ ಹೇಳಿದವಳು

"ಪ್ರಾರ್ಥನಾ ಹೇಳೂ ಹುಡುಗ್ಯಾರು ಇನ್ನೂ ಬಂದಿಲ್ರಿ. ನೀವ ಒಂದ್ ಬುದ್ಧ ವಂದನಾ ಹೇಳಿಬಿಡ್ರಿ, ಇವತ್ತಿನ ವಿಷಯಕ್ಕೂ ಹೊಂದತೈತಿ," ಎನ್ನುತ್ತ ಸಂಚಾಲಕ ಭರತ ಸರ್ ಮೈಕನ್ನು ಮಯೂರಿಯ ಕೈಗೆ ಕೊಟ್ಟೇಬಿಟ್ಟರು.

ಒಲ್ಲೆ ಎನ್ನುವುದು ಮಯೂರಿಗೆ ಎಂದೂ ಬಂದದ್ದಲ್ಲ. "ಸರ್, ಮಧ್ಯಾಹ್ನ ನಂದು ಪ್ರಬಂಧ ಐತ್ರಿ," ಎಂದಳು, ಅದೂ ತನಗಷ್ಟೇ ಕೇಳುವ ಹಾಗೆ.

"ಅದೂ ಐತಿ ಬಿಡ್ರಿ. ಅದು ಆಮ್ಯಾಲೆ, ಇದು ಈಗ."

ಅಥಣಿಯ ಆ ಕಾಲೇಜಿನಲ್ಲಿ ಬೌದ್ಧ ಪಠ್ಯಗಳ ಅಧ್ಯಯನದ ಕುರಿತು ವಿಚಾರಸಂಕಿರಣವಿತ್ತು. ಕೊನೆಯ ಸಾಲಿನಲ್ಲಿ ಅವಳ ಆಯಿ ಸುಂದರಾ ಕೂತಿದ್ದಳು. ಮಗಳು ಸಭೆಯಲ್ಲಿ ಓದುತ್ತಾಳೆಂದು, ವಿಹಾರಕ್ಕೆ, ಲಗ್ನಕ್ಕೆ ಹೋಗುವಾಗ ಉಡುವ ಬಿಳಿ ಸೀರೆ ಉಟ್ಟು ಉಗಾರ ಬುದ್ರುಕದಿಂದ ಜೊತೆಗೆ ಬಂದಿದ್ದಳು. ಮಗಳ ಕೈಯಲ್ಲಿ ಮೈಕು ಕಂಡು ಅಲ್ಲಿಂದಲೇ ಕೈಮುಗಿದು, ಸುರು ಮಾಡು ಎಂಬಂತೆ ಗೋಣು ಹಾಕಿದಳು.

ಯಾವುದನ್ನು ಹಾಡುವುದು ಎಂಬ ಪ್ರಶ್ನೆಯೇ ಇರಲಿಲ್ಲ. ಅವಳಿಗೆ ಪೂರ್ತಿ ಬಾಯಿಗೆ ಬರುತ್ತಿದ್ದದ್ದು ಮಂಗಳ ಹಾರೈಸುವ, ಬುದ್ಧನ ಮಾತೆಂದೇ ಮನೆಯಲ್ಲಿ ನಂಬಿದ್ದ ಪಾಳಿ ಭಾಷೆಯ ಪದ್ಯಗಳು. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅಪ್ಪ ಜ್ಞಾನದೇವ, ರವಿವಾರ ವಿಹಾರದಲ್ಲಿ ಕೂಡಿಸಿಕೊಂಡು ಹೇಳಿಕೊಟ್ಟಿದ್ದ. ಹೋದ ವರ್ಷ ಮಿರಜದ ಆಸ್ಪತ್ರೆಯಲ್ಲಿ ಅವನ ಮಾತು ನಿಂತ ಮೇಲೆ, ತಾಯಿ ಮಗಳು ಅವನ ಕಿವಿಯ ಹತ್ತಿರ ಬಾಗಿ ಹೇಳಿದ್ದೂ ಅವನ್ನೇ.

ಚೀಲದಲ್ಲಿದ್ದ ಪ್ರಬಂಧವೂ ಅವುಗಳ ಮೇಲೆಯೇ ಇತ್ತು. ಆ ಪದ್ಯಗಳು ಬುದ್ಧನ ಬಾಯಿಂದ ಬಂದವಲ್ಲ, ಎಷ್ಟೋ ಶತಮಾನಗಳ ನಂತರ ಯಾರೋ ಕಟ್ಟಿದವು ಎಂದು ಮಯೂರಿ ಅವುಗಳ ಛಂದಸ್ಸು, ಭಾಷೆ ಹಿಡಿದು ತೋರಿಸಿದ್ದಳು. ಅಪ್ಪ ಇರುವಾಗಲೇ ಶುರುಮಾಡಿದ ಕೆಲಸ. ಅವನಿಗೆ ಹೇಳುವ ಧೈರ್ಯವಾಗಿರಲಿಲ್ಲ, ಆಯಿಗೂ ಹೇಳಿರಲಿಲ್ಲ. ಗೋಷ್ಠಿಯ ಅಧ್ಯಕ್ಷರಾದ ಶ್ರೀಪಾಲ ಸರ್ ಇದನ್ನು ಕೇಳಿ ಮೆಚ್ಚಿದರೆ ಪಿಎಚ್.ಡಿ.ಗೆ ತನ್ನನ್ನು ತೆಗೆದುಕೊಂಡಾರು ಎಂಬುದೊಂದೇ ಅವಳ ಆಸೆ.

ಅವಳು ಹಾಡಿದಳು. ಒಳ್ಳೆಯ ದನಿ. ವೇದಿಕೆಯ ಮೇಲೆ ಶ್ರೀಪಾಲ ಸರ್ ಕಣ್ಣು ಮುಚ್ಚಿ ಕೇಳಿದರು. ಹಿಂದಿನ ಸಾಲಿನಲ್ಲಿ ಸುಂದರಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಊಟದ ನಂತರ ಮಯೂರಿ ತಲೆ ಎತ್ತದೆ ಪ್ರಬಂಧ ಓದಿದಳು. ಮುಗಿಸಿ ನೋಡಿದರೆ ಶ್ರೀಪಾಲ ಸರ್ ನಗುತ್ತಿದ್ದರು.

"ಬರದದ್ದು ಛಲೋ ಐತಿ ತಂಗಿ. ಆದ್ರ ಮುಂಜಾನಿ ಭಕ್ತಿಲೇ ಹಾಡಿದಾಕಿ ನೀನ, ಈಗ ಇದು ಬುದ್ಧಂದಲ್ಲ ಅನ್ನಾಕಿನೂ ನೀನ. ನಾವು ಯಾರನ್ನ ನಂಬೂಣು?"

ಸಭೆ ನಕ್ಕಿತು.

"ಹಾಡಂದ್ರು, ಹಾಡಿದೆ ಸರ್."

"ತಪ್ಪು ತಿಳ್ಕೋಬ್ಯಾಡ. ಶ್ರದ್ಧಾ ಇದ್ದಲ್ಲಿ ಶೋಧ ಕಠಿಣ. ಗ್ರಂಥದಿಂದ ಒಂದ್ ಮಾರು ದೂರ ನಿಂತು ನೋಡಬೇಕಾಗತೈತಿ. ನಿಮ್ಮವರಿಗೆ ಅದು ಮನಿ ಮಾತು, ದೂರ ಹೆಂಗ ನಿಂದರ್ತೀರಿ? ಒಂದ್ ಕೆಲಸ ಮಾಡು. ಈ ವಂದನಾ ಎಲ್ಲಾ ರೆಕಾರ್ಡ್ ಮಾಡಿ ಕೊಡು. ನನ್ನ ವಿದ್ಯಾರ್ಥಿ ರೋಹನ ಇದರ ಮ್ಯಾಲೆನ ಪಿಎಚ್.ಡಿ. ಮಾಡಾಕತ್ತಾನ, ಅವಂಗ ಉಪಯೋಗ ಆಗತೈತಿ."

ಶ್ರೀಪಾಲ ಸರ್‌ಗೆ ಡಾಕ್ಟರೇಟ್ ಬಂದದ್ದು ಅವರ ಮನೆಯಲ್ಲಿ ತಲೆಮಾರುಗಳಿಂದ ಓದುತ್ತ ಬಂದ ಜೈನ ಪುರಾಣಗಳ ಮೇಲೆ. ಈಗಲೂ ಬಸದಿಗೆ ಹೋಗದೆ ಅವರು ಚಹಾ ಕುಡಿಯುವುದಿಲ್ಲ. ಅವರು ಎಷ್ಟು ದೂರ ನಿಂತಿದ್ದರೆಂದು ಯಾರೂ ಅಳೆದಿರಲಿಲ್ಲ. ಆ ಮಾತು ಮಯೂರಿಯ ನಾಲಿಗೆಯ ತುದಿಗೆ ಬಂತು. "ಹೂಂ ಸರ್," ಎಂದು ಕೆಳಗಿಳಿದಳು.

ಬಾಗಿಲಲ್ಲಿ ಭರತ ಸರ್ ಸಿಕ್ಕರು. "ದನಿ ಭಾಳ ಸಿಹಿ ಐತ್ರಿ ನಿಮ್ದು. ಮುಂದಿನ ವರ್ಷದ ಪ್ರಾರ್ಥನಾನೂ ನಿಮ್ದ ಮತ್ತ."

ಬಸ್ ಸ್ಟ್ಯಾಂಡಿನವರೆಗೆ ಸುಂದರಾ ಎರಡು ಹೆಜ್ಜೆ ಮುಂದೆಯೇ ನಡೆದಳು. ಕಲ್ಲುಬೆಂಚಿನ ಮೇಲೆ ಕೂತಮೇಲೆ ಕೇಳಿದಳು: "ಅದು ಬುದ್ಧ ಹೇಳಿದ್ದಲ್ಲೇನು?"

"ಅಲ್ಲ ಆಯಿ. ಆಮ್ಯಾಲಿನವರು ಬರದದ್ದು."

"ಮತ್ತ ಮಿರಜದಾಗ ನಿಮ್ಮ ಅಪ್ಪನ ಕಿವ್ಯಾಗ ಹೇಳಿದ್ದು?"

"ಯಾರು ಬರದ್ರೂ ಅದರ ಅರ್ಥ..."

"ನಿನಗ ಆವಾಗ ಗೊತ್ತಿತ್ತೇನು ಮಗಳ?"

"ಗೊತ್ತಿತ್ತು."

"ಗೊತ್ತಿದ್ದೂ ಹೇಳಿದಿ." ಸುಂದರಾಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅವರು ಬುದ್ಧನ ಮಾತು ಅಂತ ತಿಳದ ಹ್ವಾದ್ರು."

ಉಗಾರದ ಬಸ್ಸಿನಲ್ಲಿ ಮೂವರ ಸೀಟು ಸಿಕ್ಕಿತು. ಮಯೂರಿ ಕಿಟಕಿಗೆ, ಪಕ್ಕಕ್ಕೆ ಸುಂದರಾ. ದಾರಿಯಲ್ಲಿ ಅವರ ಓಣಿಯ ಲಕ್ಷ್ಮಿಬಾಯಿ ಹತ್ತಿದಳು, ಕೂಲಿ ಮುಗಿಸಿ ಬಂದವಳು. ಸೆರಗಿಗೆ ಕಬ್ಬಿನ ಒಣಗರಿ ಅಂಟಿತ್ತು.

"ಏನವಾ ಸುಂದರಾ, ಬಿಳಿ ಸೀರಿ ಉಟ್ಟಿ. ನನ್ನ ಬಿಟ್ಟು ಯಾರ ಲಗ್ನ ಉಂಡು ಬಂದ್ರಿ?"

"ಲಗ್ನ ಎಲ್ಲಿದು. ಮಯೂರಿದು ಕಾಲೇಜಿನ್ಯಾಗ ಕಾರ್ಯಕ್ರಮ ಇತ್ತು."

"ಹೌದ? ಏನ್ ಭಾಷಣ ಮಾಡಿದ್ಲು ನಮ್ಮ ಹುಡುಗಿ?"

ಮಯೂರಿ ಆಯಿಯ ಮುಖ ನೋಡಿದಳು. ಸುಂದರಾ ಮುಂದಿನ ಸೀಟಿನ ಕಂಬಿಯನ್ನು ನೋಡುತ್ತಿದ್ದಳು.

"ಭಾಷಣ ಏನಿಲ್ಲ. ಪ್ರಾರ್ಥನಾ ಹೇಳಿದ್ಲು."

"ಹೇಳಲಿ ಬಿಡು. ಜ್ಞಾನದೇವಣ್ಣನ ದನಿ ಬಂದೈತಿ ಅಕಿಗೆ."

ಲಕ್ಷ್ಮಿಬಾಯಿ ಸೀಟಿನ ತುದಿಗೆ ಕೂರಲು ಬಂದಳು. ಸುಂದರಾ ಎದ್ದು ನಿಂತಳು. "ತುದಿಗೆ ಬ್ಯಾಡ, ಬೀಳ್ತಿ. ಬಾ, ನಡುವ ಕುಂಡ್ರು," ಎಂದು ಅವಳನ್ನು ಮಯೂರಿಯ ಪಕ್ಕಕ್ಕೆ ಬಿಟ್ಟು, ತಾನು ತುದಿಗೆ ಕೂತಳು.