ಗೂನಿಗೆ ರಾಜರ ಸಾಲಿನಲ್ಲಿ ಜಾಗ

ಅಟ್ಲಾಸ್ ಬೆಟ್ಟದ ದೇವದಾರುಗಳೆಲ್ಲ ರಾಜರಾಗಿದ್ದ ಒಂದಾನೊಂದು ಕಾಲದಲ್ಲಿ, ಅವರ ನಡುವೆ ಬೆನ್ನು ಬಾಗಿದ ಮರವೊಂದಿತ್ತು, ಒಬ್ಬಳು ಗೂನಿ. ಬಾಣದಂತೆ ನೆಟ್ಟಗಿದ್ದವರು ಬರಗಾಲಕ್ಕೆ ಒಬ್ಬೊಬ್ಬರಾಗಿ ಕಂದಿಹೋದರು. ಬೋಳುದಿಬ್ಬದ ತುದಿಯಲ್ಲಿ ಗೂನಿ ಮಾತ್ರ ಹಸಿರಾಗಿಯೇ ನಿಂತಳು. ಮರಗಳ ತಳಿ ಸಂಶೋಧನೆಗೆಂದು ಆ ಕಾಡಿಗೆ ಬಂದ ತೂದಾ ಅವಳನ್ನು ಕಣ್ಣಾರೆ ಕಂಡಳು.

ಕಂಡವಳು ಸುಮ್ಮನಿರದೆ ಮಾತನ್ನೂ ಕೊಟ್ಟುಬಿಟ್ಟಳು. ಸಂಶೋಧನಾ ಕೇಂದ್ರ ನೆಟ್ಟ ಸಸಿಗಳಿಗಾಗಿ ದಿಬ್ಬದ ಹಳ್ಳಿಯವರು ತಮ್ಮ ಮೇವಿನ ಜಾಗ ಮುಚ್ಚಿ, ವರ್ಷಗಟ್ಟಲೆ ಆಡು ಬಿಡದೆ ಕಾದಿದ್ದರು. ಹೊಳೆದಂಡೆಯ ಮರಗಳ ಬೀಜದಿಂದ ಬಂದ ಆ ಸಸಿಗಳೆಲ್ಲ ಒಣಗಿ ಕಡ್ಡಿಯಾದವು. ಆಡು ಕಾಯುವ ಮುದುಕಿ ಇಝ್ಝಾ ಸೊಂಟದ ಮೇಲೆ ಕೈಯಿಟ್ಟು ತೂದಾಳನ್ನು ತಡೆದಿದ್ದಳು.

"ಹೊಳೆದಂಡೆ ತಾಯಿಯ ಮಕ್ಕಳನ್ನ ಬಂಡೆ ಮೇಲೆ ಕೂರಿಸಿದ್ರೆ ಬದುಕ್ತಾವೇನೇ ಮಗಳೇ? ಸಸಿಗೆ ಬೀಜ ತೆಗೆಯೋ ನಿಮ್ಮ ತೋಪಿಗೆ ಗೂನೀನ ಸೇರಿಸು. ಆಮೇಲೆ ಮತ್ತೆ ಮುಚ್ಚೋಣ ಮೇವಿನ ಜಾಗ."

"ಸೇರಿಸೇ ಸೇರಿಸ್ತೀನಿ, ಅಜ್ಜಿ."

ಗೂನಿ ಬಿಟ್ಟ ಕಾಯನ್ನು ಕೋತಿಗಳು ಉಳಿಸುತ್ತಿರಲಿಲ್ಲ. ಇದ್ದದ್ದು ಕಸಿಯೊಂದೇ ದಾರಿ. ಅದಕ್ಕೆ ನೆತ್ತಿಯ ಕಡ್ಡಿಯೇ ಬೇಕು. ಕೆಳಗಿನ ಕೊಂಬೆಯದು ಕಸಿ ಕಟ್ಟಿದರೂ ಅಡ್ಡಡ್ಡ ಬೆಳೆಯುತ್ತದೆ. ಮೊಗ್ಗುಗಳು ಆಗಲೇ ಊದಿಕೊಂಡಿದ್ದವು. ಒಡೆದರೆ ಆ ವರ್ಷದ ಕೆಲಸ ಮುಗಿದಂತೆ.

ತೂದಾ ಏಣಿ ಕೇಳಲು ಹೋದಾಗ ಕೇಂದ್ರದ ಮುಖ್ಯಸ್ಥ ಲಜ್ರಕ್ ತಲೆಯೆತ್ತಲೇ ಇಲ್ಲ. "ಗೂನಿ ತಾಯಿ, ಗೂನಿ ಸಂತಾನ. ಮರದ ವ್ಯಾಪಾರಿಗಳು ನಗ್ತಾರೆ."

"ಅವಳ ಬೆನ್ನು ಮುರಿದದ್ದು ಹಿಮ, ಲಜ್ರಕ್ ಸಾಹೇಬ್ರೇ. ಕಾಲು ಮುರಿದ ತಾಯಿಗೆ ಕುಂಟು ಮಕ್ಕಳು ಹುಟ್ಟಿದ್ದು ಎಲ್ಲಾದ್ರೂ ನೋಡಿದ್ದೀರಾ?"

"ಬಾಯಿಗೇನು ಬರ ಇಲ್ಲ ನಿನಗೆ! ಏಣಿ ಕೊಡಲ್ಲ, ಮರ ಹತ್ತೋರನ್ನೂ ಕಳಿಸಲ್ಲ."

"ಏಣಿ ನಿಮ್ಮದು. ಕಾಲು ನನ್ನವು."

ಮರುದಿನ ಬೆಳಗ್ಗೆ ಅವಳು ಹಗ್ಗ ಹೊತ್ತು ದಿಬ್ಬ ಸೇರುವ ಹೊತ್ತಿಗೆ, ಕೇಂದ್ರದಲ್ಲಿ ಮರ ಹತ್ತುವ ಹಳಬ ಅಸ್ಸೂ ಗೂನಿಯ ಬುಡದಲ್ಲಿ ಕೂತು ಪುದೀನಾ ಚಹಾ ಹೀರುತ್ತಿದ್ದ.

"ನಿಮಗೆ ಹತ್ತಬೇಡಿ ಅಂದಿದ್ದಾರೆ, ದಾದಾ ಅಸ್ಸೂ."

"ಹತ್ತೋರು ಯಾರಮ್ಮಾ? ಕೆಳಗೆ ನಿಂತು ಹಗ್ಗ ಹಿಡಿದ್ರೆ ಹತ್ತಿದ ಹಾಗಾಗುತ್ತಾ?"

ತೂದಾ ಹತ್ತಿದಳು. ಗೂನಿನ ತಿರುವಿನಲ್ಲಿ ಕಾಲು ಜಾರಿ ಹಗ್ಗದಲ್ಲಿ ತೂಗಿದಳು. ಮೊಣಕೈ ತರಚಿತು.

"ಆ ಕೊಂಬೆ ನಂಬಬೇಡ!" ಅಸ್ಸೂ ಕೂಗಿದ. "ಅದು ನನ್ನ ಭಾವನ ಥರ. ನೋಡೋಕೆ ಮಾತ್ರ ದಪ್ಪ!"

ನಗು ತಡೆಯಲಾರದೆ ಅವಳು ಕಾಂಡವನ್ನು ತಬ್ಬಿಕೊಂಡಳು, ಹಲ್ಲು ಕಚ್ಚಿ ಮತ್ತೆ ಮೇಲೇರಿದಳು. ನೆತ್ತಿಯ ಕಡ್ಡಿಗಳನ್ನು ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಇಳಿಸಿದಳು. ಅಂದೇ ಮಧ್ಯಾಹ್ನ ಒಂದೊಂದನ್ನೂ ಬೇರೂರಿದ ಎಳೆ ಸಸಿಯ ಕಾಂಡ ಸೀಳಿ ಅದರಲ್ಲಿ ಕೂರಿಸಿ, ಪಟ್ಟಿ ಸುತ್ತಿ, ಮೇಣ ಬಳಿದಳು. ಹೆಚ್ಚಿನವು ಸತ್ತವು. ಕೆಲವು ಚಿಗುರಿದವು.

ಮರುವರ್ಷ ತೋಪಿನಲ್ಲಿ, ನೆಟ್ಟಗಿನ ಮರಗಳ ಕಸಿ ನೆಟ್ಟ ರಾಜರ ಸಾಲಿನಲ್ಲಿ ಸತ್ತವರ ಗುಂಡಿಗಳು ಖಾಲಿಯಿದ್ದವು. ಹಗಲುಹೊತ್ತಿನಲ್ಲೇ, ಎಲ್ಲರೆದುರೇ ತೂದಾ ಹಾರೆ ಹಿಡಿದು, ಗೂನಿಯ ಕಸಿಯನ್ನು ಒಂದು ಗುಂಡಿಗೆ ಇಳಿಸಿದಳು. ಲಜ್ರಕ್ ಓಡಿಬಂದರು.

"ಯಾರ ಅಪ್ಪಣೆ ಇದು?"

"ಯಾರದ್ದೂ ಇಲ್ಲ. ಕೀಳಬೇಕಾದ್ರೆ ನೀವೇ ಕೀಳಿ. ಕಿತ್ತು, ಇಝ್ಝಾ ಅಜ್ಜಿಗೆ ನೀವೇ ಹೇಳಿ. ಅಲ್ಲೇ ಗೇಟಿನ ಹತ್ರ ಇದ್ದಾಳೆ."

ಗೇಟಿನಾಚೆಯಿಂದ ಮುದುಕಿ ಕೋಲೆತ್ತಿ ತೋರಿಸಿದಳು. ಲಜ್ರಕ್ ಬಗ್ಗಿ ಕಸಿಯನ್ನು ಎಲ್ಲ ಕಡೆಯಿಂದ ನೋಡಿದರು. ಚಿಗುರು ಎತ್ತಲೂ ವಾಲದೆ ಆಕಾಶಕ್ಕೆ ನೆಟ್ಟಗೆ ಎದ್ದಿತ್ತು. ಅದನ್ನು ಕೀಳಲು ಅವರ ಕೈ ಜೇಬಿನಿಂದ ಹೊರಗೆ ಬರಲಿಲ್ಲ.

ತೂದಾ ಗುಂಡಿಗೆ ಮಣ್ಣೆಳೆದು, ಅಂಗೈಯಿಂದ ಒತ್ತಿ, ನೀರು ಹೊಯ್ದಳು.