ಹಜೀಂ ಸಾಹೇಬರ ಏಳು ಗಜಲ್‌ಗಳು

ಗುಬಾರ್ ಸಾಹೇಬರ ಗಜಲ್ ಪುಸ್ತಕ ಬರೆಯುವ ಕೆಲಸ ವಜಾಹತ್‌ಗೆ ಸಿಕ್ಕಿದಾಗ ಬೊಂಬಾಯಿಯ ಭಿಂಡಿ ಬಜಾರಿನ ಉಳಿದ ಕಾತಿಬರೆಲ್ಲ ಹೊಟ್ಟೆ ಉರಿದುಕೊಂಡರು. ಉರ್ದು ಪುಸ್ತಕ ಕಲ್ಲಚ್ಚಿಗೆ ಹೋಗುವ ಮುಂಚೆ ಯಾರಾದರೊಬ್ಬರು ಕೂತು ಅಕ್ಷರ ಅಕ್ಷರವನ್ನೂ ಕೈಯಲ್ಲಿ ಬರೆಯಲೇಬೇಕು, ಹಾಗೆ ಬರೆಯುವವನೇ ಕಾತಿಬ. ಅವನ ಹೆಸರು ಯಾರಿಗೂ ಬೇಡ. ಆದರೆ ಗುಬಾರ್ ಸಾಹೇಬರ ಪುಸ್ತಕವೆಂದರೆ ಬೇರೆ ಮಾತು. ಇಪ್ಪತ್ತನಾಲ್ಕು ವರ್ಷದಿಂದ ಸಿನಿಮಾಕ್ಕೆ ಹಾಡು ಬರೆದವರು ಅವರು. ಇರಾನಿ ಹೋಟೆಲಿನ ರೇಡಿಯೋದಲ್ಲಿ ಅವರ ಹಾಡು ಬಂದರೆ ಚಹಾ ಕುಡಿಯುತ್ತಿದ್ದವರು ಬಸಿ ಕೆಳಗಿಟ್ಟು ತಲೆದೂಗುತ್ತಿದ್ದರು.

ವಜಾಹತ್ ತಲೆದೂಗುವ ಪೈಕಿ ಅಲ್ಲ. ಸಂಗೀತ ನಿರ್ದೇಶಕ ಹಾರ್ಮೋನಿಯಂ ಒತ್ತಿ 'ತನನ ತನನ' ಅಂದರೆ, ಆ ಅಳತೆಗೆ ಮಾತು ಕತ್ತರಿಸಿ ಹೊಲಿಯುವುದು ದರ್ಜಿಯ ಕೆಲಸವೇ ಹೊರತು ಕವಿಯದಲ್ಲ ಎಂದು ಅವನು ಎಲ್ಲರೆದುರೂ ಹೇಳುತ್ತಿದ್ದ. ಹೇಳುವ ಹಕ್ಕು ತನಗಿದೆ ಎಂಬ ಗರ್ವವೂ ಇತ್ತು. ನಿಜವಾದ ಕವಿಯೊಬ್ಬ ಅವನ ಮನೆಯಲ್ಲೇ ಆಗಿಹೋಗಿದ್ದ. ಅವನ ಅಣ್ಣ ಶರಾಫತ್ ಹುಸೇನ್, 'ಹಜೀಂ' ಎಂಬ ಅಂಕಿತದಲ್ಲಿ ಏಳೇ ಏಳು ಗಜಲ್ ಬರೆದು, ಮೂವತ್ತೆರಡನೇ ವಯಸ್ಸಿಗೆ ವಿಷಮಶೀತ ಜ್ವರದಲ್ಲಿ ತೀರಿಕೊಂಡವನು. ಅಮ್ರೋಹಾದಲ್ಲಿ ಅವನ ಗೋರಿಯ ಕಲ್ಲಿನ ಮೇಲೆ ಅವನದೇ ಎರಡು ಸಾಲುಗಳಿವೆ, ವಜಾಹತ್‌ನ ಕೈಬರಹದಲ್ಲಿ:

ಬಾಗಿಲು ತಟ್ಟಿದವರಾರೆಂದು ಕೇಳಬೇಡ, ಹಜೀಂ,
ಈ ಮನೆಗೆ ನೀನೂ ಬಂದುಹೋಗುವವನೇ.

ಇಂಥ ಎರಡು ಸಾಲು ಬರೆದು ತೋರಿಸಲಿ ನಿಮ್ಮ ಸಿನಿಮಾದವರು ಎಂದು ವಜಾಹತ್ ಎಷ್ಟು ಜನರ ಬಾಯಿ ಮುಚ್ಚಿಸಿದ್ದನೋ ಲೆಕ್ಕವಿಲ್ಲ.

ಹಸ್ತಪ್ರತಿ ಬಂತು. ಗುಬಾರ್ ಸಾಹೇಬರು ಈಗ ತಾವೇ ಬರೆಯುವುದಿಲ್ಲ, ಹೇಳುತ್ತಾರೆ, ಅವರ ಮುನ್ಷಿ ಬರೆದುಕೊಳ್ಳುತ್ತಾನೆ. ಆ ಮುನ್ಷಿಯ ಕೋಳಿ ಕೆದರಿದಂಥ ಬರಹವನ್ನು ಬಯ್ದುಕೊಳ್ಳುತ್ತ ವಜಾಹತ್ ಹಳದಿ ಕಾಗದ ಹಾಸಿ, ಜೊಂಡಿನ ಲೇಖನಿಯ ಮೂತಿ ಕತ್ತರಿಸಿ ಕೂತ. ಹನ್ನೊಂದನೇ ಪುಟಕ್ಕೆ ಬಂದಾಗ ಅವನ ಕೈ ನಿಂತಿತು. ಬಾಗಿಲು ತಟ್ಟಿದವರಾರೆಂದು ಕೇಳಬೇಡ, ಗುಬಾರ್.

ಗುಬಾರ್! ಅಣ್ಣನ ಹೆಸರು ಕಿತ್ತು ಅದೇ ತೂಕದ ತನ್ನ ಹೆಸರು ಕೂರಿಸಿದ್ದಾನೆ. ಮುಂದಿನದು ನೋಡಿದ. ಅದೂ ಅಣ್ಣನದೇ. ಅದರ ಮುಂದಿನದೂ. ಏಳಕ್ಕೆ ಏಳೂ ಸಾಲಾಗಿ ಕೂತಿದ್ದವು, ಕೊನೆಯ ದ್ವಿಪದಿಯ ಅಂಕಿತವೊಂದನ್ನು ಬಿಟ್ಟರೆ ಒಂದಕ್ಷರವೂ ಬದಲಾಗದೆ. ವಜಾಹತ್‌ನ ಮೈ ಉರಿದುಹೋಯಿತು. ಲೇಖನಿ ಒರೆಸಿಟ್ಟು ಸೀದಾ ಮನೆಗೆ ಬಂದ.

ಮನೆಯಲ್ಲಿದ್ದವಳು ಅತ್ತಿಗೆ ಕನೀಜ್. ತಾಯಿಯಿಲ್ಲದ ವಜಾಹತ್‌ನನ್ನು ಸಾಕಿದವಳು ಅವಳೇ, ಅಣ್ಣ ಹೋದಮೇಲೆ ಅವಳನ್ನು ಬೊಂಬಾಯಿಗೆ ಕರೆತಂದು ನೋಡಿಕೊಂಡವನು ಇವನು. ಏಳೂ ಗಜಲ್ ಬರೆದ ನೋಟ್‌ಪುಸ್ತಕ ಅವಳ ಟ್ರಂಕಿನಲ್ಲಿ, ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ನೋಟ್‌ಪುಸ್ತಕ ಯಾರಿಗಾದರೂ ಕೊಟ್ಟಿದ್ದಿರಾ ಎಂದು ವಜಾಹತ್ ಕೇಳಿದ್ದೇ ತಪ್ಪಾಯಿತು. ಅವಳು ಕುದಿಯುತ್ತಿದ್ದ ದಾಲ್ ಬಿಟ್ಟು ಎದ್ದು ಬಂದಳು.

“ನನ್ನ ಮೇಲೇ ಗುಮಾನಿನಾ ವಜ್ಜು? ಅದನ್ನ ನಾನು ನಿನ್ನ ಕೈಗೂ ವರ್ಷಕ್ಕೊಂದ್ಸಲ ಕೊಡೋದು.”

ಅವಳ ಮೇಲೆ ಅಂತ ಏನೂ ಇರಲಿಲ್ಲ, ಆ ವಾರವೆಲ್ಲ ವಜಾಹತ್‌ಗೆ ಎಲ್ಲರ ಮೇಲೂ ಗುಮಾನಿ. ಅಣ್ಣನ ಗಜಲ್‌ಗಳನ್ನು ಹಾಡುತ್ತಿದ್ದ ಸೋದರಮಾವನ ಮೇಲೆ, ಗೋರಿಯ ಕಲ್ಲು ಕೆತ್ತಿದವನ ಮೇಲೆ, ಕೊನೆಗೆ ಪ್ರೆಸ್ಸಿನ ಮಾಲೀಕರ ಮೇಲೂ. ಚಹಾ ತಂದುಕೊಟ್ಟು ಕೆಲಸ ಎಲ್ಲಿಗೆ ಬಂತು ಎಂದು ಅವರು ವಿಚಾರಿಸಿದರೆ, ಇಷ್ಟು ಅಕ್ಕರೆ ಯಾಕೆ ಬಂತಪ್ಪ ಇವತ್ತು ಎಂದು ಅವರ ಮುಖ ನೋಡುತ್ತಿದ್ದ.

ನಿಜ ಹೇಳಬೇಕೆಂದರೆ ಗುಮಾನಿ ಆ ಮನೆಗೆ ಹೊಸದಲ್ಲ. ಕನೀಜ್‌ಗೆ ಗಂಡನ ಮೇಲೆ ಇಪ್ಪತ್ತನಾಲ್ಕು ವರ್ಷ ಹಳೆಯದೊಂದಿತ್ತು. ಮದುವೆಯಲ್ಲಿ ಅವಳ ಅಪ್ಪ ಅಳಿಯನಿಗೆ ಹಸಿರು ಶೇರ್ವಾನಿ ಹೊಲಿಸಿಕೊಟ್ಟಿದ್ದರು. ಶರಾಫತ್ ಮುರಾದಾಬಾದಿನ ಹಿತ್ತಾಳೆ ಅಂಗಡಿಯೊಂದರಲ್ಲಿ ಗುಮಾಸ್ತ. ಪ್ರತಿ ಗುರುವಾರ ಊರಿಗೆ ಬರುವಾಗ ಹೆಂಡತಿಗೊಂದು ಹೊಸ ಗಜಲ್ ತರುತ್ತಿದ್ದ. ಏಳು ವಾರ ತಂದ. ಎಂಟನೆಯ ವಾರ ಶೇರ್ವಾನಿಯಿಲ್ಲದೆ ಬಂದ, ಗಜಲೂ ಇರಲಿಲ್ಲ. ರೈಲಿನಲ್ಲಿ ಶೇರ್ವಾನಿ ಕಳವಾಯಿತೆಂದ. ಗಜಲ್ ಯಾಕಿಲ್ಲ ಎಂದರೆ ಮನಸ್ಸಿಲ್ಲವೆಂದ. ಆಮೇಲೆ ಸಾಯುವತನಕ ಒಂದು ಸಾಲೂ ಬರೆಯಲಿಲ್ಲ. ಮುರಾದಾಬಾದಿನಲ್ಲಿ ಹಾಡುವ ಹೆಂಗಸರ ಬೀದಿಯೊಂದಿದೆ ಎಂದು ಕನೀಜ್ ಕೇಳಿ ಬಲ್ಲಳು. ಮನಸ್ಸು ಎಲ್ಲಿಗೆ ಹೋಯಿತೋ ಶೇರ್ವಾನಿಯೂ ಅಲ್ಲಿಗೇ ಹೋಗಿದೆ ಎಂದು ಅವಳು ತೀರ್ಮಾನಿಸಿಬಿಟ್ಟಳು. ಗಂಡನನ್ನು ಕಳೆದುಕೊಂಡು ಅತ್ತಾಗಲೂ ಆ ಮುಳ್ಳು ಒಳಗೇ ಇತ್ತು. ಅವನ ಕವಿತೆಯನ್ನು ಪೂಜಿಸುತ್ತಿದ್ದಳು, ಅವನನ್ನು ಪೂರ್ತಿ ಕ್ಷಮಿಸಿರಲಿಲ್ಲ.

“ಹೋಗು,” ಎಂದಳು ಅವಳು ವಜಾಹತ್‌ಗೆ. “ಆ ಕಳ್ಳನ ಬಾಯಿಂದ್ಲೇ ಒಪ್ಪಿಸ್ಕೊಂಡು ಬಾ. ನನಗೆ ಅವರಿಂದ ಉಳಿದಿರೋದು ಆ ಏಳೇ.”

ವಜಾಹತ್ ಒಂದು ಉಪಾಯ ಹೂಡಿದ. ಗಜಲ್ ಪುಟದಲ್ಲಿ ಎರಡು ಸಾಲಿನ ಜಾಗ ಖಾಲಿ ಉಳಿದರೆ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ. ಅಂಥಾಗ ಕಾತಿಬ ಕವಿಯ ಹತ್ತಿರ ಹೋಗಿ ಇನ್ನೊಂದು ದ್ವಿಪದಿ ಕೇಳುವುದು ವಾಡಿಕೆ. ಬರೆದವನಾದರೆ ನೆನಪಿನಿಂದ ತೆಗೆದು ಕೊಡುತ್ತಾನೆ, ಕದ್ದವನಾದರೆ ಕದ್ದಷ್ಟೇ ಅವನ ಹತ್ತಿರ ಇರುತ್ತದೆ. ಹನ್ನೊಂದನೇ ಪುಟದಲ್ಲಿ ಬೇಕೆಂದೇ ಅಕ್ಷರ ಸ್ವಲ್ಪ ಒತ್ತಾಗಿ ಬರೆದು, ಕೆಳಗೆ ಜಾಗ ಬಿಟ್ಟು, ಶುಕ್ರವಾರ ನಮಾಜು ಮುಗಿಸಿ ಬಾಂದ್ರಾಕ್ಕೆ ಹೋದ.

ಗುಬಾರ್ ಸಾಹೇಬರು ಬನಿಯನ್ನು, ಲುಂಗಿಯಲ್ಲಿ ಪಾನ್ ಜಗಿಯುತ್ತ ಕೂತಿದ್ದರು. ದಪ್ಪ ಮೈ, ಬಣ್ಣ ಹಾಕಿದ ಕೂದಲು. ವಜಾಹತ್ ಕೂತ ಐದು ನಿಮಿಷದಲ್ಲೇ ಟೆಲಿಫೋನ್ ಬಂತು, ಯಾರೋ ನಿರ್ಮಾಪಕ, ಹಾಡಿನ ಒಂದು ಮಾತು ಬದಲಿಸಬೇಕಿತ್ತು. ಗುಬಾರ್ ಸಾಹೇಬರು ಕೇಳಿಸಿಕೊಂಡು, “ಚಂದ್ರ ಬೇಡ್ವಾ? ಸರಿ, ದೀಪ ಹಾಕ್ಕೊಳ್ಳಿ. ದೀಪಾನೂ ಬೇಡ ಅಂದ್ರೆ ನಾಳೆ ಹೇಳಿ,” ಎಂದು ಫೋನ್ ಇಟ್ಟರು. ವಜಾಹತ್‌ನ ಗುಮಾನಿಗೆ ಇನ್ನು ಸಾಕ್ಷಿಯೇ ಬೇಡವಾಯಿತು. ಟೆಲಿಫೋನಿನಲ್ಲಿ ಚಂದ್ರನನ್ನು ಕೊಟ್ಟು ದೀಪ ತೆಗೆದುಕೊಳ್ಳುವ ಮನುಷ್ಯ ಆ ಬಾಗಿಲಿನ ಸಾಲು ಬರೆಯುವುದುಂಟೆ?

ಪುಟ ಮುಂದಿಟ್ಟು, ಎರಡು ಸಾಲು ಕಡಿಮೆ ಬಿದ್ದಿದೆ, ಈ ಗಜಲಿಗೆ ಇನ್ನೊಂದು ದ್ವಿಪದಿ ಇತ್ತೇ ಎಂದು ವಿನಯದಿಂದಲೇ ಕೇಳಿದ. ಗುಬಾರ್ ಸಾಹೇಬರು ಪಾನ್ ಜಗಿಯುವುದನ್ನು ನಿಲ್ಲಿಸಿದರು. ಪುಟವನ್ನೇ ನೋಡಿದರು. ಸಿಕ್ಕಿಬಿದ್ದ ಎಂದುಕೊಂಡ ವಜಾಹತ್ ಒಳಗೊಳಗೇ ಹಿಗ್ಗಿದ.

ಅವರು ಪೆನ್ಸಿಲು ಹುಡುಕಿದರು. ಸಿಗರೇಟು ಪೊಟ್ಟಣ ಹರಿದು, ಅದರ ಒಳಮೈಯ ಬಿಳಿ ಭಾಗದಲ್ಲಿ ಎರಡು ಸಾಲು ಬರೆದರು.

ನೆರಳನ್ನೇ ಹೊಲಿಸಿ ತೊಟ್ಟುಕೊಂಡೆ ನಾನು,
ಬಿಸಿಲು ಬಂದಾಗ ಮೈಗೆ ಸಾಲದಾಯಿತು.

“ಇದಿತ್ತು,” ಎಂದರು. ಮತ್ತೆ ಓದಿ ಮುಖ ಸಿಂಡರಿಸಿದರು. “ಆಗ್ಲೂ ಸರಿ ಅನ್ನಿಸ್ಲಿಲ್ಲ, ಈಗ್ಲೂ ಇಲ್ಲ. ಜಾಗ ಖಾಲಿನೇ ಬಿಡಿ ಮಿಯಾ.” ಪೆನ್ಸಿಲಿನಿಂದ ಆ ಎರಡು ಸಾಲನ್ನೂ ಹೊಡೆದುಹಾಕಿದರು. ಗೆರೆ ಎಳೆದು ಹೊಡೆಯಲಿಲ್ಲ, ಸಣ್ಣ ಸಣ್ಣ ಅಲೆ ಬರೆದು ಮುಚ್ಚಿದರು.

ವಜಾಹತ್ ಆ ಪೊಟ್ಟಣದ ಚೂರನ್ನು ಹತ್ತಿರಕ್ಕೆಳೆದುಕೊಂಡ. ಆ ಅಲೆಗಳನ್ನು ಅವನು ಬಲ್ಲ. ಅಣ್ಣನ ಮದುವೆಯಾದ ಹೊಸತು, ಅವನಿಗೆ ಹದಿಮೂರು ವರ್ಷ, ಕಾತಿಬನ ಕೆಲಸ ಕಲಿಯುತ್ತಿದ್ದ ಕಾಲ. ಅಣ್ಣ ಪ್ರತಿ ಗುರುವಾರ ಒಂದು ಚೀಟಿ ತಂದು ಅವನ ಕೈಗಿಟ್ಟು, ಇದನ್ನು ಅಂದವಾಗಿ ನೋಟ್‌ಪುಸ್ತಕಕ್ಕೆ ಇಳಿಸು ಎನ್ನುತ್ತಿದ್ದ. ಚೀಟಿಯ ಕೈಬರಹ ಅಣ್ಣನದಲ್ಲ. ನಾನು ಹೇಳ್ತೀನಿ, ನನ್ನ ದೋಸ್ತ್ ಒಬ್ಬ ಬರ್ಕೋತಾನೆ ಎಂದಿದ್ದ. ಒಂದು ಚೀಟಿಯಲ್ಲಿ ಇದೇ ಎರಡು ಸಾಲು ಹೀಗೇ ಅಲೆಗಳ ಕೆಳಗೆ ಮುಚ್ಚಿಹೋಗಿದ್ದವು. ಅದನ್ನು ಬಿಸಿಲಿಗೆ ಹಿಡಿದು ಅವನು ಓದಿದ್ದ, ಎಷ್ಟು ಚೆನ್ನಾಗಿದೆ, ಯಾಕೆ ಹೊಡೆದರು ಎಂದು ಹಳಹಳಿಸಿದ್ದ. ನೋಟ್‌ಪುಸ್ತಕಕ್ಕೆ ಅದು ಇಳಿಯಲಿಲ್ಲ. ಚೀಟಿಗಳನ್ನು ಅಣ್ಣನೇ ಒಲೆಗೆ ಹಾಕಿದ. ನೆರಳು ಹೊಲಿಸಿದ ಆ ಮಾತು ಭೂಮಿಯ ಮೇಲೆ ಇದ್ದದ್ದು ತನ್ನ ತಲೆಯಲ್ಲಿ ಮಾತ್ರ ಎಂದು ವಜಾಹತ್ ಇಷ್ಟು ವರ್ಷ ತಿಳಿದಿದ್ದ.

ಹೇಳುವವನೊಬ್ಬ, ಬರೆದುಕೊಳ್ಳುವವನೊಬ್ಬ ಆದರೆ, ಬರೆದುಕೊಳ್ಳುವವನು ಹೀಗೆ ಮುಖ ಸಿಂಡರಿಸಿ ಹೊಡೆದುಹಾಕುವುದಿಲ್ಲ. ಇಷ್ಟು ಕಾಲ ಅಕ್ಷರಗಳ ನಡುವೆ ಬದುಕಿದ ತನಗೆ ಅದು ಗೊತ್ತಿರಬೇಕಿತ್ತು. ಗೊತ್ತಿತ್ತೋ ಏನೋ, ನೋಡಲು ಮನಸ್ಸಾಗಿರಲಿಲ್ಲ.

“ಇದನ್ನ ಯಾರಿಗೆ ಬರೆದುಕೊಟ್ಟಿದ್ರಿ ಸಾಹೇಬ್?” ಎಂದ.

“ಬರೆದುಕೊಟ್ಟೆ ಅಂತ ಯಾರಂದ್ರು ನಿಮಗೆ?”

“ನಾನು ಅಮ್ರೋಹಾದವನು. ಶರಾಫತ್ ಹುಸೇನರ ತಮ್ಮ.”

ಗುಬಾರ್ ಸಾಹೇಬರು ಎದ್ದು ಹೋಗಿ ಪಾನ್ ಉಗಿದು, ಬಾಯಿ ಮುಕ್ಕಳಿಸಿ, ಜುಬ್ಬ ತೊಟ್ಟು ಬಂದು ಕೂತರು. ಆಮೇಲೆ ಹೇಳಿದರು. ಹಿತ್ತಾಳೆ ಅಂಗಡಿಯಲ್ಲಿ ಇಬ್ಬರೂ ಗುಮಾಸ್ತರು, ಒಂದೇ ಕೋಣೆ. ಹೊಸ ಹೆಂಡತಿ ಗಜಲ್ ಕೇಳಿದ್ದಾಳೆ, ನನಗೆ ಬರೋದಿಲ್ಲ, ಒಂದು ಬರೆದುಕೊಡು ಎಂದು ಶರಾಫತ್ ಗೋಗರೆದಿದ್ದ. ಒಂದು ಏಳಾಯಿತು. ಅಷ್ಟರಲ್ಲಿ ಇವರಿಗೆ ಬೊಂಬಾಯಿಯ ಮುಶಾಯರಾಕ್ಕೆ ಕರೆ ಬಂತು. ಕವಿಗಳ ಸಾಲಿನಲ್ಲಿ ಕೂರಲು ಮೈಮೇಲೊಂದು ನೆಟ್ಟಗಿನ ಬಟ್ಟೆ ಇರಲಿಲ್ಲ. ಶರಾಫತ್ ತನ್ನ ಶೇರ್ವಾನಿ ಬಿಚ್ಚಿ ಕೊಟ್ಟ. ಏಳು ಗಜಲ್, ಒಂದು ಶೇರ್ವಾನಿ. ಕೈಗೆ ಕೈ ತಟ್ಟಿ ಮಾತಾಯಿತು, ಇನ್ನು ಅವು ಅವನವು.

“ಹೊಸ ಶೇರ್ವಾನಿ ಮಿಯಾ. ಒಳಜೇಬಿಗೆ ಮಾತ್ರ ಹಳದಿ ತೇಪೆ ಇತ್ತು. ಅದನ್ನ ಹಾಕ್ಕೊಂಡು ಓದಿದ ದಿನಾನೇ ಸಿನಿಮಾದವರು ಕರೆದ್ರು. ಗಜಲ್ ಕೇಳಿ ಕರೆದ್ರೋ ಶೇರ್ವಾನಿ ನೋಡಿ ಕರೆದ್ರೋ ಅಲ್ಲಾಹುಗೇ ಗೊತ್ತು.”

ಹಳದಿ ತೇಪೆ. ಅತ್ತಿಗೆ ತನ್ನ ದುಪಟ್ಟಾದ ಅಂಚು ಹರಿದು ಅದನ್ನು ಹಚ್ಚುವಾಗ ಸೂಜಿಗೆ ದಾರ ಪೋಣಿಸಿಕೊಟ್ಟವನು ವಜಾಹತ್ತೇ.

“ಆ ಏಳನ್ನೂ ತೆಗೆದುಬಿಡಿ,” ಎಂದರು ಗುಬಾರ್ ಸಾಹೇಬರು. “ಮಾರಿದ್ಮೇಲೆ ನನ್ನವಲ್ಲ. ಶರಾಫತ್ ಇಲ್ಲ ಅಂತ ಕೇಳಿ ಆಸೆಗೆ ಬಿದ್ದೆ, ತಪ್ಪಾಯ್ತು. ಅವನ್ನ ತೆಗೆದ್ರೆ ಆ ಪುಸ್ತಕದಲ್ಲಿ ಓದೋಂಥದ್ದು ಏನೂ ಉಳಿಯಲ್ಲ. ಅದೂ ನನಗೆ ಗೊತ್ತು.”

ಕಳ್ಳನನ್ನು ಒಪ್ಪಿಸಲು ಹೋದವನಿಗೆ ಕೇಳಿದ್ದೆಲ್ಲ ಸಿಕ್ಕಿತ್ತು. ಅದನ್ನು ತೆಗೆದುಕೊಂಡು ಸುಮ್ಮನಾಗಬಹುದಿತ್ತು. ಅಣ್ಣ ಕವಿಯಾಗಿಯೇ ಉಳಿಯುತ್ತಿದ್ದ, ಅತ್ತಿಗೆ ನೆಮ್ಮದಿಯಾಗಿರುತ್ತಿದ್ದಳು, ಹಾಡಿನ ಮನುಷ್ಯ ಹಾಡಿನ ಮನುಷ್ಯನಾಗಿಯೇ ಸಾಯುತ್ತಿದ್ದ. ಲೋಕಲ್ ರೈಲಿನ ಬಾಗಿಲಲ್ಲಿ ನಿಂತು ದಾರಿಯುದ್ದಕ್ಕೂ ವಜಾಹತ್ ಇದನ್ನೇ ಯೋಚಿಸಿದ. ಅಣ್ಣನ ಮೇಲೆ ಕೋಪ ಬಂತು, ಗೋರಿಕಲ್ಲಿಗೆ ಬರೆದ ತನ್ನ ಕೈಯ ಮೇಲೂ ಬಂತು. ಸುಳ್ಳು ಹೇಳಬೇಕೆಂದೇ ತೀರ್ಮಾನಿಸಿ ಮನೆಯ ಮೆಟ್ಟಿಲು ಹತ್ತಿದ.

ಕನೀಜ್ ನೋಟ್‌ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಒಪ್ಪಿಕೊಂಡನಾ ಎಂದು ಕೇಳಿದಳು. ಹೌದೆನ್ನಲು ಬಾಯಿ ತೆರೆದವನಿಗೆ ಅವಳ ಹೆಗಲ ಮೇಲಿನ ದುಪಟ್ಟಾ ಕಂಡಿತು. ಅಷ್ಟೂ ವರ್ಷ ಅವಳು ಹೊತ್ತ ಶೇರ್ವಾನಿಯ ಮುಳ್ಳು ನೆನಪಾಯಿತು.

“ಭಾಭಿ, ಶೇರ್ವಾನಿ ಕಳವಾಗಿರ್ಲಿಲ್ಲ,” ಎಂದ. ಅಲ್ಲಿಂದ ಎಲ್ಲವನ್ನೂ ಹೇಳಿಬಿಟ್ಟ.

ಅವಳು ಅಳಲಿಲ್ಲ. ನೋಟ್‌ಪುಸ್ತಕದ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದಳು. ಕೆಳಗೆ ಬೀದಿಯಲ್ಲಿ ಯಾರದೋ ರೇಡಿಯೋದಲ್ಲಿ ಯಾವುದೋ ಹಾಡು ಬರುತ್ತಿತ್ತು.

“ಹಾಗಾದ್ರೆ ಅವರು ಬೇರೆಲ್ಲೂ ಹೋಗಿರ್ಲಿಲ್ಲ?”

“ಇಲ್ಲ ಭಾಭಿ. ನಿಮಗೋಸ್ಕರನೇ ತಗೊಂಡಿದ್ದು.”

“ನಾನು ತಮಾಷೆಗೆ ಕೇಳಿದ್ದೆ ವಜ್ಜು. ಅಮ್ರೋಹಾದಲ್ಲಿ ಕಲ್ಲು ಎಸೆದ್ರೆ ಕವಿ ತಲೆಗೆ ಬೀಳತ್ತಂತೆ, ನೀವು ಬರೆಯಲ್ವಾ ಅಂತ. ಒಂದ್ಸಲ ಕೇಳಿದ್ದು, ಅಷ್ಟೇ.” ಅವಳು ನೋಟ್‌ಪುಸ್ತಕವನ್ನು ಮಡಿಲಿಂದ ಎತ್ತಿ ಪಕ್ಕಕ್ಕಿಟ್ಟಳು. “ಎಂಟು ವರ್ಷ ಆ ಮನುಷ್ಯನ ಜೊತೆ ನೆಟ್ಟಗೆ ಮಾತಾಡ್ಲಿಲ್ಲ ನಾನು.”

ಆಮೇಲೆ ನೋಟ್‌ಪುಸ್ತಕವನ್ನು ರೇಷ್ಮೆ ಬಟ್ಟೆಯಲ್ಲಿ ಮೊದಲಿನ ಹಾಗೇ ಸುತ್ತಿ ಟ್ರಂಕಿನಲ್ಲಿಟ್ಟಳು. ಪುಸ್ತಕ ಏನು ಮಾಡಲಿ ಎಂದು ವಜಾಹತ್ ಕೇಳಿದ.

“ಯಾರು ಬರೆದ್ರೋ ಅವರ ಹೆಸರೇ ಹಾಕು.”

“ಗೋರಿ ಕಲ್ಲು?”

“ಅದು ಇರ್ಲಿ,” ಎಂದಳು ಕನೀಜ್. “ಅದನ್ನ ಅವರು ನಮ್ಮಪ್ಪನ ಶೇರ್ವಾನಿ ಕೊಟ್ಟು ತಂದಿದ್ದು.”

ಮರುದಿನ ವಜಾಹತ್ ಹನ್ನೊಂದನೇ ಪುಟವನ್ನು ಹೊಸ ಹಾಳೆಯಲ್ಲಿ ಮತ್ತೆ ಬರೆದ. ಕೊನೆಯ ದ್ವಿಪದಿಯಲ್ಲಿ ಗುಬಾರ್ ಎಂದೇ ಬರೆದು, ಅದರ ಕೆಳಗೆ ಎರಡು ಸಾಲಿನ ಜಾಗ ಖಾಲಿ ಬಿಟ್ಟ.