ತಿದ್ದಿದ ಮುನ್ಸೂಚನೆ

ಹೋದ ತಿಂಗಳು ಹವಾಮಾನ ಕಚೇರಿ ಕಳಿಸಿದ ಮುನ್ಸೂಚನೆಯಲ್ಲಿ ‘ಗುಡುಗು ಸಿಡಿಲಿನೊಂದಿಗೆ ಭಾರಿ ಮಳೆ’ ಎಂಬುದನ್ನು ರೇಡಿಯೊ ನಿಲಯದ ನಿರ್ದೇಶಕರು ಹೊಡೆದುಹಾಕಿ, ‘ಅಲ್ಲಲ್ಲಿ ತುಂತುರು’ ಎಂದು ಬರೆದರು. ವಾಚಕಿ ಅದನ್ನೇ ಓದಿದಳು. ಮರುದಿನ ಇಟ್ಟಿಗೆ ಭಟ್ಟಿಯ ಬಯಲಿನಲ್ಲಿ ಸಿಡಿಲು ಬಡಿದು ಅಲ್ಲಿ ಕೂಲಿ ಮಾಡುತ್ತಿದ್ದ ಗುಂಡಕ್ಕ ಸತ್ತಳು.

ಅದೇ ಭಟ್ಟಿಯಲ್ಲಿ ಹಸಿ ಇಟ್ಟಿಗೆ ಒಣಹಾಕುವವರಲ್ಲಿ ವಾಚಕಿಯ ತಾಯಿಯೂ ಒಬ್ಬಳು. ಅಲ್ಲಿನ ಮೇಸ್ತ್ರಿ ಆಕಾಶ ನೋಡುವವನಲ್ಲ, ರೇಡಿಯೊ ಕೇಳುವವನು. ಮಧ್ಯಾಹ್ನದ ಮುನ್ಸೂಚನೆಯಲ್ಲಿ ‘ಭಾರಿ’ ಎಂದು ಬಂದರೆ ಮಾತ್ರ ಇಟ್ಟಿಗೆಗೆ ಟಾರ್ಪಾಲು, ಹೆಂಗಸರಿಗೆ ಮನೆ. ಗುಂಡಕ್ಕ ಸತ್ತ ದಿನ ಮೋಡ ಕಪ್ಪಗೆ ಕವಿದು ಹೆಂಗಸರು ಹೊರಡುತ್ತೇವೆಂದರೂ, ರೇಡಿಯೊಗಿಂತ ನೀವು ಹೆಚ್ಚು ಓದಿದವರೇ ಎಂದು ಗದರಿ ನಿಲ್ಲಿಸಿಕೊಂಡಿದ್ದ.

ಮಗಳು ಓದಿದ್ದು ತಪ್ಪಾಯಿತೆಂದು ತಾಯಿ ಒಂದು ದಿನವೂ ಅನ್ನಲಿಲ್ಲ. ಹವಾಮಾನದ ಯಂತ್ರಗಳೇ ತಪ್ಪು ಹೇಳಿದರೆ ಹುಡುಗಿ ಏನು ಮಾಡಿಯಾಳು ಎಂದು ಭಟ್ಟಿಯವರ ಬಾಯನ್ನೂ ಮುಚ್ಚಿಸಿದ್ದಳು. ಮಗಳು ದಿನವೂ ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದುದು ಅದರಿಂದಲೇ.

ಈ ಬೆಳಿಗ್ಗೆ ಇಬ್ಬರ ಬುತ್ತಿ ಕಟ್ಟುತ್ತ ತಾಯಿ ಎಂದಿನಂತೆ ಕೆಣಕಿದಳು. “ಮನೇಲಿ ಕರೆದ್ರೆ ಹ್ಞೂಂ ಅನ್ನಕ್ಕೂ ಸೋಮಾರಿತನ. ರೇಡಿಯೊದಲ್ಲಿ ನೋಡು, ನಮಸ್ಕಾರ ಅಂತೆ, ಕೇಳುಗರೇ ಅಂತೆ. ನನಗೂ ಒಂದು ದಿನ ಹಂಗೆ ಮಾತಾಡ್ಸೇ.”

ಮಗಳು ನಗಲಿಲ್ಲ.

“ಅಮ್ಮ, ಅವತ್ತು ಯಂತ್ರ ತಪ್ಪು ಹೇಳಿರಲಿಲ್ಲ. ಕಾಗದದಲ್ಲಿ ಭಾರಿ ಮಳೆ ಅಂತಾನೇ ಇತ್ತು. ಸಾಹೇಬರು ತಿದ್ದಿದ್ರು.”

“ನೀನು ನೋಡಿದ್ಯಾ?”

“ನೋಡಿದ್ದೆ.”

ತಾಯಿಯ ಕೈ ಡಬ್ಬಿಯ ಮೇಲೆ ನಿಂತಿತು. ಬೈಯಲಿ ಎಂದು ಮಗಳು ಕಾದಳು. ತಾಯಿ ತನ್ನ ಡಬ್ಬಿಯಿಂದ ಒಂದು ಹಿಡಿ ಅನ್ನ ತೆಗೆದು ಮಗಳ ಡಬ್ಬಿಗೆ ಹಾಕಿ, ಅದುಮಿ ಮುಚ್ಚಿದಳು.

“ತಿಂಗಳಿಂದ ಇದನ್ನ ಒಬ್ಬಳೇ ಹೊತ್ಕೊಂಡು ತಿರುಗ್ತಿದ್ಯಾ, ಹುಚ್ಚಿ,” ಎಂದಳು. ಸೆರಗು ಸಿಕ್ಕಿಸಿಕೊಂಡು, “ಗುಂಡಕ್ಕ ನಿನ್ನ ದನಿ ಕೇಳಿದ ಮೇಲೇ ಬುತ್ತಿ ಬಿಚ್ತಿದ್ಲು ಕಣೆ,” ಎಂದು, ಚಪ್ಪಲಿ ಮೆಟ್ಟಿ ಭಟ್ಟಿಗೆ ಹೊರಟಳು.

ಮಧ್ಯಾಹ್ನದ ವಾಚನಕ್ಕೆ ಐದು ನಿಮಿಷವಿರುವಾಗ ನಿರ್ದೇಶಕರು ಕಾಗದ ಹಿಡಿದು ಸ್ಟುಡಿಯೊಗೆ ಬಂದರು. ಮುಂದಿನ ಎರಡು ದಿನ ಜಿಲ್ಲೆಯ ಬಹುಭಾಗದಲ್ಲಿ ಗುಡುಗು ಸಿಡಿಲಿನೊಂದಿಗೆ ಭಾರಿ ಮಳೆ. ಬಯಲಿನಲ್ಲಿ ಯಾರೂ ಇರಬಾರದು. ಅದರ ಮೇಲೆ ನೀಲಿ ಶಾಯಿಯ ಗೆರೆ, ಪಕ್ಕದಲ್ಲಿ ‘ಅಲ್ಲಲ್ಲಿ ತುಂತುರು’.

ನಾಳೆ ಮಂತ್ರಿಗಳ ಬಯಲು ಸಭೆ, ಈಗಲೇ ಹೆದರಿಸಿದರೆ ಒಂದು ನರಪಿಳ್ಳೆಯೂ ಬಾರದು, ಮೇಲಿನಿಂದ ಮೂರು ಸಲ ಫೋನು ಬಂದಿದೆ ಎಂದು ಅವರು ಬೆವರೊರೆಸಿಕೊಂಡರು. ಕೆಟ್ಟ ಮನುಷ್ಯರಲ್ಲ, ಅವಳಿಗೆ ಜ್ವರ ಬಂದಾಗ ತಾವೇ ಮನೆಗೆ ಬಿಟ್ಟುಬಂದವರು.

“ಹವಾಮಾನದೋರು ಹೇಳಿದ್ದೆಲ್ಲ ಆಗುತ್ತೇನಮ್ಮ? ಹತ್ತು ಸಲ ಹೆದರಿಸಿ ಮಳೆ ಬರದಿದ್ರೆ ನಮ್ಮನ್ನ ಯಾರು ನಂಬ್ತಾರೆ?”

“ಹತ್ತು ಸಲ ಸುಮ್ಮನೆ ಟಾರ್ಪಾಲು ಹೊದಿಸಿ ಮನೆಗೆ ಬಂದ್ರೆ ನಮ್ಮಮ್ಮ ನನ್ನ ಬೈತಾಳೆ ಸಾರ್. ಬೈಸ್ಕೋತೀನಿ.”

“ನಿನ್ನ ಕೆಲಸ ಓದೋದು. ಏನಿದೆ ಅಂತ ಯೋಚನೆ ಮಾಡೋದಲ್ಲ.”

ಅವಳು ಕಾಗದವನ್ನು ಅವರ ಕಡೆಗೆ ಸರಿಸಿದಳು.

“ಹವಾಮಾನ ಕಚೇರಿ ಬರೆದಿರೋದನ್ನ ಓದ್ತೀನಿ. ನೀವು ತಿದ್ದಿರೋದನ್ನ ಓದಲ್ಲ ಸಾರ್.”

“ಹಾಗಾದ್ರೆ ಏಳು. ಬೇರೆಯವರನ್ನ ಕೂರಿಸ್ತೀನಿ.”

ಅವಳು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಏಳಲ್ಲ ಸಾರ್.”